ಇಪ್ಪತ್ತೊಂದನೇ ಫ್ರೇಮಿನ ದೋಣಿ

ಕಲಬುರಗಿ
18 ನವೆಂಬರ್ 2023

ಬೇಟಿ ಬುಶ್ರಾ,

ನಿನ್ನ ಮೊದಲ ಫಿಲ್ಮ್ ರೋಲು ಸೋಮವಾರ ಬಂತು, ಮಂಗಳವಾರ ತೊಳೆದೆ. ಮೂವತ್ತಾರು ಫೋಟೋಗಳಲ್ಲಿ ಹನ್ನೊಂದು ಉಳಿದಿವೆ, ಮಿಕ್ಕವೆಲ್ಲ ಅಲುಗಾಡಿವೆ. ಬೇಜಾರು ಮಾಡಿಕೊಳ್ಳಬೇಡ. ನಮ್ಮ ಮನೆಯವರು, ನಿನ್ನ ನಾನಾ, ಮೊದಲ ಸಲ ನಮ್ಮ ಕೋಟೆಯ ದೊಡ್ಡ ಫಿರಂಗಿ ತೋಪಿನ ಫೋಟೋ ತೆಗೆದಾಗ ತೋಪು ಬಂದೇ ಇರಲಿಲ್ಲ, ಅದರ ಮೇಲೆ ಹತ್ತಿದ್ದ ಮೇಕೆ ಮಾತ್ರ ಬಂದಿತ್ತು.

ಫೋನ್ ಮಾಡಿದರೆ ಮುಗಿಯಿತಲ್ಲ, ಪತ್ರ ಯಾಕೆ ಅಂತ ಅಜರ್ ಕೇಳಿದನಂತೆ. ನಿನ್ನ ಗಂಡನಿಗೆ ಹೇಳು, ಫೋನಿನಲ್ಲಿ ನನಗೆ ಅರ್ಧ ಮಾತು ಕೇಳುತ್ತದೆ, ಉಳಿದರ್ಧಕ್ಕೆ ಸುಮ್ಮನೆ ಹೂಂ ಅನ್ನುತ್ತೇನೆ. ರೋಲು ಮತ್ತು ಪ್ರಿಂಟಿನ ಲಕೋಟೆ ಹೇಗೂ ಹೋಗಿ ಬಂದು ಮಾಡುತ್ತದೆ, ಅದರಲ್ಲೇ ಒಂದು ಕಾಗದ ಹೋದರೆ ಭಾರವೇನು? ನಿನಗೆ ಉರ್ದು ಓದಲು ಬರುವುದಿಲ್ಲ, ಕಮಲಾಪುರದ ಕನ್ನಡ ಶಾಲೆಯಲ್ಲಿ ಕಲಿತವಳು. ನಾನು ಕನ್ನಡ ಕಲಿತದ್ದು ಸ್ಟುಡಿಯೋದ ಗಿರಾಕಿಗಳ ಹೆಸರನ್ನು ಲಕೋಟೆ ಮೇಲೆ ಬರೆಯುತ್ತ ಬರೆಯುತ್ತ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಸಮುದ್ರದೊಳಗೆ ಎಣ್ಣೆ ಬಾವಿ ತೋಡುವ ಆ ಕಬ್ಬಿಣದ ಕಟ್ಟಡಕ್ಕೆ ರಿಗ್ ಅನ್ನುತ್ತಾರೆ ಅಂತ ಬರೆದಿದ್ದಿ. ನನ್ನ ಕಣ್ಣಿಗೆ ಯಾರೋ ಮೂರು ಕಾಲಿನ ಸ್ಟೂಲನ್ನು ನೀರಿನಲ್ಲಿ ಇಟ್ಟು ಮರೆತು ಹೋದ ಹಾಗೆ ಕಂಡಿತು. ಅದರ ಮೇಲೆ ಜನ ಉಣ್ಣುತ್ತಾರೆ, ಮಲಗುತ್ತಾರೆ ಅಂದರೆ ನಂಬುವುದು ಕಷ್ಟ. ನಾನಂತೂ ನಮ್ಮೂರ ಅಪ್ಪನ ಕೆರೆ ಬಿಟ್ಟು ದೊಡ್ಡ ನೀರು ನೋಡಿದವಳಲ್ಲ. ಅದಕ್ಕೇ ನಾನಾನ ಕ್ಯಾಮೆರಾ ಮದುವೆಯಲ್ಲಿ ನಿನಗೆ ಕೊಟ್ಟದ್ದು. ನೀನು ನೋಡು, ನಾನು ಇಲ್ಲಿ ತೊಳೆದು ನೋಡುತ್ತೇನೆ.

ಈಗ ಕೆಲಸದ ಮಾತು. ಅಷ್ಟು ದೂರದ್ದನ್ನು ಮಧ್ಯಾಹ್ನ ತೆಗೆಯಬೇಡ. ಬಿಸಿಲಿಗೆ ಗಾಳಿ ಕುದಿಯುತ್ತದೆ, ರಿಗ್ಗಿನ ಕಾಲುಗಳು ಶಾವಿಗೆಯಂತೆ ಬರುತ್ತವೆ. ಬೆಳಗ್ಗೆ ಏಳರ ಹೊತ್ತಿಗೆ ತೆಗೆ. ಸ್ಟ್ಯಾಂಡಿಗೆ ಮರಳಿನ ಚೀಲ ತೂಗುಹಾಕು. ಉದ್ದ ಲೆನ್ಸಿಗೆ ಉಸಿರು ಬಿಟ್ಟರೂ ಗೊತ್ತಾಗುತ್ತದೆ. ಇನ್ನೊಂದು, ರಿಗ್ಗನ್ನು ಪಾಸ್‌ಪೋರ್ಟ್ ಫೋಟೋದ ಹಾಗೆ ನಡುಮಧ್ಯ ಕೂರಿಸಬೇಡ. ಬಲಗಡೆ ಅಂಚಿಗೆ ಸರಿಸಿ ಎಡಗಡೆ ನೀರು ಬಿಡು. ನೋಡುವವರಿಗೆ ಅದು ಎಷ್ಟು ಒಂಟಿ ಅಂತ ಆಗ ತಿಳಿಯುತ್ತದೆ. ಪ್ರತಿ ಫ್ರೇಮಿನ ನಂಬರು, ತಾರೀಖು, ವೇಳೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ನಾನಾ ಸಾಯುವ ತಿಂಗಳವರೆಗೂ ಬರೆದರು.

ನಿನ್ನ ಅಮ್ಮಿ ಆರಾಮ ಇದ್ದಾಳೆ ಅಂತ ಕಮಲಾಪುರದಿಂದ ಬಂದವರು ಹೇಳಿದರು.

ದುವಾಗಳೊಂದಿಗೆ,
ನಿನ್ನ ನಾನಿ
ಖುರ್ಷೀದ್ ಬೇಗಂ


ಕೊತ್ತರೇವು, ಕಾಕಿನಾಡ ಹತ್ತಿರ
12 ಡಿಸೆಂಬರ್ 2023

ನಾನಿ, ಸಲಾಂ.

ಹೋದ ವಾರ ತುಫಾನು ಬಂದು ಹೋಯಿತು. ನಮ್ಮ ಮನೆಗೆ ಏನೂ ಆಗಿಲ್ಲ. ಒಂದು ವಾರ ದೋಣಿಗಳು ಇಳಿಯಲಿಲ್ಲ, ಹಾಗಾಗಿ ಅಜರ್‌ಗೆ ಕೈತುಂಬ ಕೆಲಸ. ಕಮಲಾಪುರದಲ್ಲಿ ಬಾಳೆ ತೋಟದ ಪಂಪ್‌ಸೆಟ್ ಬಿಚ್ಚುತ್ತಿದ್ದವರು ಇಲ್ಲಿ ದೋಣಿಯ ಎಂಜಿನ್ ಬಿಚ್ಚುತ್ತಾರೆ. ಎರಡೂ ಒಂದೇ ಡೀಸೆಲ್, ಒಂದಕ್ಕೆ ಉಪ್ಪು ಹೆಚ್ಚು ಅಷ್ಟೇ ಅನ್ನುತ್ತಾರೆ.

ನೀವು ಹೇಳಿದ ಹಾಗೆ ಎರಡನೇ ರೋಲು ತೆಗೆದಿದ್ದೇನೆ. ಹಳೆಯ ಐಸ್ ಫ್ಯಾಕ್ಟರಿಯ ಮಾಳಿಗೆ ಮೇಲೆ ಸ್ಟ್ಯಾಂಡಿನ ಕಾಲಿಗೆ ಸುಣ್ಣದ ಗುರುತು ಹಾಕಿದ್ದೇನೆ, ದಿನಾ ಅದೇ ಜಾಗ. ಮನೆ ಮಾಲೀಕ ಪೋಲಯ್ಯ ಕೆಳಗಿನಿಂದ ಕೂಗುತ್ತಾನೆ, "ಅಮ್ಮಾಯಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ, ದಿನಾ ಯಾಕೆ ಹಾಜರಿ ತೆಗೆದುಕೊಳ್ಳುತ್ತಿ?" ಅಂತ. ಅವನದೇ ಶೆಡ್ಡಿನಲ್ಲಿ ಅಜರ್ ಕೆಲಸ ಮಾಡುವುದು. ಊರಿಗೆ ಬಂದ ಹೊಸದರಲ್ಲಿ ಪರಭಾಷೆಯವನ ಕೈಗೆ ಎಂಜಿನ್ ಕೊಟ್ಟವನು ಅವನೊಬ್ಬನೇ.

ರಿಗ್ ದಡದಿಂದ ಏಳು ಕಿಲೋಮೀಟರ್. ಅದರ ಸುತ್ತ ಅರ್ಧ ಕಿಲೋಮೀಟರ್ ಒಳಗೆ ಯಾವ ದೋಣಿಯೂ ಹೋಗುವಂತಿಲ್ಲ. ಕಂಪನಿಯ ಕಾವಲು ದೋಣಿ ಸುತ್ತುತ್ತಲೇ ಇರುತ್ತದೆ. ಮೀನುಗಳೋ, ಆ ಕಾಲುಗಳ ಬುಡದಲ್ಲೇ ಹೋಗಿ ಸೇರುತ್ತವಂತೆ. "ಮೀನಿಗೆ ನೋಟೀಸು ಓದೋಕೆ ಬರಲ್ಲ" ಅಂತ ಪೋಲಯ್ಯ ನಗುತ್ತಾನೆ. ಅವನು ಮಾತ್ರ ಹತ್ತಿರ ಹೋಗುವವನಲ್ಲ.

ಒಂದು ಮಾತು ಕೇಳಬೇಕಿತ್ತು. ಅಮ್ಮಿಯದೊಂದು ಫೋಟೋ ಕಳಿಸಿ. ಸ್ಟುಡಿಯೋ ಮನೆತನದ ಮಗಳು ಅವಳು, ನನ್ನ ಹತ್ತಿರ ಅವಳ ಫೋಟೋ ಒಂದೂ ಇಲ್ಲ ಅಂದರೆ ಇಲ್ಲಿಯವರು ನಂಬುವುದಿಲ್ಲ. ನನ್ನ ಮದುವೆಯಲ್ಲೂ ಕ್ಯಾಮೆರಾ ಕಂಡ ಕಡೆಯಲ್ಲೆಲ್ಲ ಸೆರಗು ಎಳೆದುಕೊಂಡು ಅಡಿಗೆಮನೆ ಸೇರಿದಳು.

ನಿಮ್ಮ
ಬುಶ್ರಾ


ಕಲಬುರಗಿ
27 ಡಿಸೆಂಬರ್ 2023

ಬೇಟಿ,

ಈ ಸಲ ಇಪ್ಪತ್ತೆಂಟು ಗೆದ್ದಿದ್ದಿ. ಹನ್ನೆರಡನೆಯದನ್ನು ದೊಡ್ಡದು ಮಾಡಿ ಕಿಟಕಿಯ ಹತ್ತಿರ ಅಂಟಿಸಿದ್ದೇನೆ. ನಮ್ಮ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಝೆರಾಕ್ಸ್ ಅಂಗಡಿ ಇಟ್ಟಿರುವ ಮಾಪಣ್ಣ ಚಹಾ ಕುಡಿಯಲು ಮೇಲೆ ಬಂದಿದ್ದ. ಬಹಳ ಹೊತ್ತು ನೋಡಿ, "ಅಮ್ಮಾ, ಇದು ಯಾವ ಊರಿನ ನೀರಿನ ಟಾಕಿರಿ? ಬುಡಕ್ಕೇ ನೀರು ಸೋರಿ ನಿಂತದಲ್ರಿ!" ಅಂದ. ಸಮುದ್ರ ಅಂದರೂ ಒಪ್ಪಲಿಲ್ಲ.

ನಿನ್ನ ಕ್ಯಾಮೆರಾದೊಳಗೆ ಮರಳು ಹೊಕ್ಕಿದೆ. ನೆಗೆಟಿವ್ ತುಂಬ ಸೂಜಿಮೊನೆಯಂಥ ತೂತುಗಳು. ಫಿಲ್ಮಿನ ಮೇಲೆ ಧೂಳು ಕೂತರೆ ಅಲ್ಲಿ ಬೆಳಕು ಬೀಳುವುದಿಲ್ಲ, ನೆಗೆಟಿವ್‌ನಲ್ಲಿ ಅದು ತೂತಿನಂತೆ ಬಿಳಿಯಾಗಿ ಉಳಿಯುತ್ತದೆ, ಪ್ರಿಂಟಿನಲ್ಲಿ ಕಪ್ಪು ಚುಕ್ಕೆ ಆಗುತ್ತದೆ. ಕೂತು ಎಲ್ಲವನ್ನೂ ನೆಗೆಟಿವ್ ಮೇಲೆಯೇ ಪೆನ್ಸಿಲಿನಿಂದ ಮುಚ್ಚಿದ್ದೇನೆ. ಮಾಪಣ್ಣ ಅಂದ, "ಏನ್ ಅಮ್ಮಾ, ಈ ವಯಸ್ಸಿನಾಗ ಕಣ್ಣು ಕಳಕೊಳ್ಳಾಕತ್ತೀರಿ. ಮೊಬೈಲ್‌ದಾಗ ಒಂದು ಬಟನ್ ಒತ್ತಿದ್ರ ಎಲ್ಲಾ ಸಾಫ್ ಆಗ್ತದ." ನಾನೂ ಬಿಡಲಿಲ್ಲ. "ನಿನ್ನ ಆಧಾರ್ ಕಾರ್ಡಿನ ಫೋಟೋ ನೋಡ್ಕೋ ಮಾಪಣ್ಣ, ಯಾರು ಸಾಫ್ ಮಾಡ್ಯಾರ ಅದನ್ನ?" ಅಂದೆ.

ಪೊರೆ ತೆಗೆಸಿದ ಮೇಲೆ ಕಣ್ಣು ಮೊದಲಿಗಿಂತ ಚೆನ್ನಾಗಿದೆ. ನಾನಾ ಕೆಳಗೆ ಫೋಟೋ ತೆಗೆಯುವುದು, ನಾನು ಈ ಕಿಟಕಿಯಲ್ಲಿ ಟಚಿಂಗ್ ಮಾಡುವುದು, ಐವತ್ತು ವರ್ಷ ಇದೇ ನಡೆಯಿತು. ಗಿರಾಕಿಗೆ ಮಾತ್ರ ಎಂದೂ ಹೇಳುತ್ತಿರಲಿಲ್ಲ. ಕಪ್ಪು ಕಲೆ, ಸಿಡುಬಿನ ಕುಳಿ ಎಲ್ಲ ಹೋಗಿರುತ್ತಿತ್ತು, ಅವರು ಬೆರಗಾದರೆ ನಾನಾ, "ನೀವು ಬಂದಿರೋದೇ ಛಲೋ ಬಂದೀರಿ" ಅನ್ನುತ್ತಿದ್ದರು. ಅದು ನಮ್ಮ ಅಂಗಡಿಯ ನಿಯಮ.

ಅಮ್ಮಿಯ ಫೋಟೋ ಹುಡುಕಬೇಕು. ಹಳೆಯ ಪೆಟ್ಟಿಗೆಗಳು ಮೇಲಿವೆ, ಮೊಣಕಾಲು ಕೇಳುವುದಿಲ್ಲ. ನೋಡೋಣ.

ನಾನಿ


ಕೊತ್ತರೇವು
15 ಫೆಬ್ರವರಿ 2024

ನಾನಿ, ಸಲಾಂ.

ಅವಸರದಲ್ಲಿ ಬರೆಯುತ್ತಿದ್ದೇನೆ. ಮೂರನೇ ರೋಲು ಇದರೊಳಗಿದೆ. ನಿನ್ನೆ ಪೋಲಯ್ಯನ ತಮ್ಮನ ಮಗಳ ಮದುವೆ ಇತ್ತು, ರೇವಿನಲ್ಲೇ ಪೆಂಡಾಲು. ಇಪ್ಪತ್ತೆರಡರಿಂದ ಕೊನೆಯವರೆಗೆ ಮದುವೆಯವು. ಚಂದ ಮಾಡಿ ಕಳಿಸಿ, ಗೋಡೆಗೆ ಹಾಕುತ್ತಾರಂತೆ. ಅದಕ್ಕೆ ಮೊದಲಿನವು ಎಂದಿನ ಹಾಗೆ ನಮ್ಮ ಸ್ಟೂಲು.

ಬುಶ್ರಾ


ಕಲಬುರಗಿ
23 ಫೆಬ್ರವರಿ 2024

ಬೇಟಿ,

ಮದುವೆಯವು ಹದಿನೈದು, ಸಮುದ್ರದವು ಹತ್ತು, ಒಟ್ಟು ಇಪ್ಪತ್ತೈದು ಪ್ರಿಂಟು ಕಳಿಸಿದ್ದೇನೆ. ಮದುಮಗಳ ಹಣೆಯ ಮೊಡವೆ ತೆಗೆದಿದ್ದೇನೆ, ಹೇಳಬೇಡ. ರಿಗ್ಗಿನವು ಈ ಸಲ ಬಹಳ ನಯವಾಗಿ ಬಂದಿವೆ, ಕನ್ನಡಿ ಒರೆಸಿದ ಹಾಗೆ. ಇಪ್ಪತ್ತೊಂದನೆಯದನ್ನು ನೋಡು, ನೀರಿನ ಮೇಲೆ ಒಂದು ಚುಕ್ಕೆ ಇಲ್ಲ. ಇದನ್ನು ಕಟ್ಟು ಹಾಕಿಸು.

ನಾನಿ


ಕೊತ್ತರೇವು
1 ಮಾರ್ಚ್ 2024

ನಾನಿ,

ಪ್ರಿಂಟುಗಳು ಇವತ್ತು ಬಂದವು. ಅದಕ್ಕೆ ಮೊದಲು ಇಲ್ಲಿ ಆದದ್ದನ್ನು ಹೇಳಬೇಕು.

ಮಂಗಳವಾರ ಪೋಲಯ್ಯನ ದೋಣಿಯನ್ನು ಬಂದರಿನವರು ಹಿಡಿದುಕೊಂಡು ಹೋದರು. ಫೆಬ್ರವರಿ ಹದಿನಾಲ್ಕರ ಬೆಳಗ್ಗೆ ಏಳೂಕಾಲಿಗೆ ಒಂದು ದೋಣಿ ರಿಗ್ಗಿನಿಂದ ಇನ್ನೂರು ಮೀಟರ್ ಒಳಗೆ ಬಲೆ ಹಾಕಿತ್ತು ಅಂತ ಕಾವಲು ದೋಣಿಯವರು ಬರೆದು ಕೊಟ್ಟಿದ್ದಾರೆ. ಅವತ್ತು ಮದುವೆ, ಊರಿನ ಯಾವ ದೋಣಿಯೂ ಇಳಿದಿರಲಿಲ್ಲ. ಪೋಲಯ್ಯ ಒಬ್ಬನೇ ಮದುವೆ ಊಟದ ಮೀನಿಗೆ ಅಂತ ನಸುಕಿನಲ್ಲಿ ಹೋಗಿ ಒಂಬತ್ತಕ್ಕೆ ವಾಪಸಾಗಿದ್ದ. ದೋಣಿ ತನ್ನದೇ ಅಂತ ಅವನೂ ಒಪ್ಪುತ್ತಾನೆ. ಆದರೆ ತಾನು ಒಳಗೆ ಹೋಗಿರಲಿಲ್ಲ, ದೂರದಲ್ಲಿದ್ದೆ ಅನ್ನುತ್ತಾನೆ. ಇಪ್ಪತ್ತೇಳಕ್ಕೆ ವಿಚಾರಣೆ. ತಪ್ಪು ಅಂತಾದರೆ ದೋಣಿ ವಾಪಸು ಬರುವುದಿಲ್ಲ. ಬಂದರೂ ತಡವಾದರೆ, ಏಪ್ರಿಲ್ ಹದಿನೈದರಿಂದ ಮೀನು ಮೊಟ್ಟೆ ಇಡುವ ಕಾಲ ಅಂತ ಸರ್ಕಾರದ ನಿಷೇಧ, ಎರಡು ತಿಂಗಳು ಯಾರೂ ಕಡಲಿಗೆ ಇಳಿಯುವಂತಿಲ್ಲ.

ನಾನು ಅವತ್ತು ಮಾಳಿಗೆ ಮೇಲಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ, ಇಪ್ಪತ್ತೊಂದನೇ ಫ್ರೇಮು, ಏಳು ಹದಿನಾರು. ದೋಣಿ ಎಡಗಡೆ ಎಲ್ಲೋ ದೂರ ಇತ್ತು, ರಿಗ್ ಬಲಗಡೆ ಅಂಚಿಗೆ. ಕಣ್ಣಾರೆ ನೋಡಿದ್ದೇನೆ. ಅದಕ್ಕೇ ರೇವಿನಲ್ಲಿ ಎಲ್ಲರೆದುರು ಹೇಳಿಬಿಟ್ಟೆ, ನನ್ನ ಹತ್ತಿರ ಫಿಲ್ಮಿನಲ್ಲಿದೆ, ಇದು ಮೊಬೈಲ್ ಅಲ್ಲ, ನಮ್ಮ ನಾನಿ ತೊಳೆದ ನೆಗೆಟಿವ್ ಸುಳ್ಳು ಹೇಳುವುದಿಲ್ಲ ಅಂತ. ಪೋಲಯ್ಯನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡಳು.

ಇವತ್ತು ಎಲ್ಲರೂ ಸೇರಿದ ಮೇಲೆ ಲಕೋಟೆ ಒಡೆದೆ. ಇಪ್ಪತ್ತೊಂದರಲ್ಲಿ ದೋಣಿ ಇಲ್ಲ. ಬರೀ ನೀರು.

ನಾನಿ, ದೋಣಿ ಎಲ್ಲಿ?

ಬುಶ್ರಾ


ಕಲಬುರಗಿ
5 ಮಾರ್ಚ್ 2024

ಬುಶ್ರಾ,

ಕಾಗದ ಬಂತು. ಅಷ್ಟು ದೂರದಿಂದ ದೋಣಿಯಂಥ ಸಣ್ಣದು ಫಿಲ್ಮಿನಲ್ಲಿ ಬರದೇ ಇರಬಹುದು. ನಿನ್ನ ಕಣ್ಣೂ ತಪ್ಪಿರಬಹುದು. ನೆಗೆಟಿವ್ ಇಲ್ಲೇ ಇದೆ, ನೋಡಿ ಬರೆಯುತ್ತೇನೆ.

ನಾನಿ


ಕಲಬುರಗಿ
8 ಮಾರ್ಚ್ 2024

ಬೇಟಿ ಬುಶ್ರಾ,

ಐದನೇ ತಾರೀಖಿನ ನನ್ನ ಕಾಗದವನ್ನು ಹರಿದು ಹಾಕು. ಅದನ್ನು ಬರೆಯುವಾಗ ನೆಗೆಟಿವ್ ನನ್ನ ಮುಂದೆಯೇ ಇತ್ತು. ನಾನು ನೋಡಿಯೂ ಆಗಿತ್ತು.

ದೋಣಿ ಇದೆ. ಅದನ್ನು ಮುಚ್ಚಿದವಳು ನಾನು.

ಬಿಳಿ ನೀರಿನ ಮೇಲಿನ ಕಪ್ಪು ದೋಣಿ ನೆಗೆಟಿವ್‌ನಲ್ಲಿ ಹೇಗೆ ಕಾಣುತ್ತದೆ ಹೇಳು. ಧೂಳಿನ ತೂತು ಕಂಡ ಹಾಗೆಯೇ, ಸಾಸಿವೆಯ ಕಾಲುಭಾಗ ಕೂಡ ಇಲ್ಲ. ಭೂತಗನ್ನಡಿಯ ಲೂಪು ಹಚ್ಚಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಧೂಳಿನ ಅಂಚು ಚೂಪಾಗಿರುತ್ತದೆ, ಇದರ ಅಂಚು ಮೆತ್ತಗಿತ್ತು, ಸ್ವಲ್ಪ ಉದ್ದಕ್ಕಿತ್ತು. ಲೂಪು ನನ್ನ ಕಣ್ಣಲ್ಲೇ ಇತ್ತು, ಬೇಟಿ. ಆದರೆ ಚುಕ್ಕೆ ಕಂಡ ಕೂಡಲೇ ಪೆನ್ಸಿಲ್ ಇಳಿದುಬಿಟ್ಟಿತು. ಸಮುದ್ರ ನೋಡಿದವಳಾಗಿದ್ದರೆ ನೀರಿನ ಮೇಲೆ ಏನಾದರೂ ಇರುತ್ತದೆ ಅಂತ ಕೈ ತಡೆಯುತ್ತಿತ್ತೋ ಏನೋ. ನನಗೆ ನೀರು ಅಂದರೆ ಸಾಫಾಗಿರಬೇಕು ಅಷ್ಟೇ. ಡಿಸೆಂಬರಿನ ರೋಲಿನಲ್ಲಿ ಎಷ್ಟು ದೋಣಿ ಮುಚ್ಚಿದ್ದೇನೋ.

ನಿನ್ನ ಕಾಗದ ಬಂದ ದಿನ ಗೊತ್ತಾಯಿತು, ಆದರೂ ನಿನ್ನ ಕಣ್ಣು ತಪ್ಪಿರಬಹುದು ಅಂತ ಬರೆದೆ. ಎಪ್ಪತ್ತೊಂದು ವರ್ಷದವಳು ಇಪ್ಪತ್ತಾರರ ಹುಡುಗಿಯ ಮೇಲೆ ತಪ್ಪು ಹೊರಿಸಿ ಪೋಸ್ಟಿಗೆ ಹಾಕಿ ಬಂದೆ. ಬಂದು ಊಟ ಮಾಡಿದೆ ಕೂಡ. ಮೂರು ದಿನ ಆಯಿತು, ಇನ್ನು ಆಗುವುದಿಲ್ಲ.

ಇದೇ ಮೊದಲ ಸಲ ಅಲ್ಲ ಅನ್ನುವುದು ನಿನಗೂ ಗೊತ್ತಿರಬೇಕು. ನಿನ್ನ ಅಮ್ಮಿಯ ಎಡಗೆನ್ನೆಯ ಮೇಲೆ ಹುಣಸೆ ಬೀಜದಷ್ಟು ಮಚ್ಚೆ ಇದೆಯಲ್ಲ. ಕಮಲಾಪುರದ ಸಂಬಂಧ ಬಂದಾಗ ತಬಸ್ಸುಮ್‌ಗೆ ಹತ್ತೊಂಬತ್ತು. ಹುಡುಗನ ಕಡೆಯವರು ಫೋಟೋ ಕೇಳಿದರು. ನಾನಾ ತೆಗೆದರು, ನಾನು ಈ ಕಿಟಕಿಯಲ್ಲಿ ಕೂತು ಮಚ್ಚೆ ಮುಚ್ಚಿದೆ. ಯಾರೂ ಹೇಳಿರಲಿಲ್ಲ. ಅವಳನ್ನು ಕೇಳಲೂ ಇಲ್ಲ. ಗಿರಾಕಿಗೆ ಹೇಳಬಾರದು ಅನ್ನುವ ನಿಯಮ ನನ್ನ ಮಗಳಿಗೂ ಹಾಕಿದೆ. ನಿಕಾಹ್ ಆದ ಸಂಜೆ ಅವಳ ಅತ್ತೆ, ನಿನ್ನ ದಾದಿ, ಮುಸುಕು ಎತ್ತಿ ನೋಡಿ ಏನಂದಳು ಅನ್ನುವುದನ್ನು ನಾನು ಬರೆಯುವುದಿಲ್ಲ.

ಈಗ ಕೆಲಸದ ಮಾತು. ಪೆನ್ಸಿಲ್ ಅಳಿಸಬಹುದು. ಟರ್ಪೆಂಟೈನ್‌ನಲ್ಲಿ ಹತ್ತಿ ಅದ್ದಿ ಒರೆಸಿದೆ, ದೋಣಿ ಇದ್ದಲ್ಲೇ ಇದೆ. ಹೊಸ ಪ್ರಿಂಟು ಒಳಗಿದೆ. ರಿಗ್ಗಿನ ಅಗಲವನ್ನು ಕಾಗದದ ಮೇಲೆ ಗುರುತು ಮಾಡಿ ದೋಣಿಯವರೆಗೆ ಅಳೆದೆ, ಹದಿನೈದು ಸಲ ಹಿಡಿಸಿತು. ರಿಗ್ ಎಷ್ಟು ಅಗಲ ಅಂತ ಅಲ್ಲಿ ಕೇಳಿ ಲೆಕ್ಕ ಹಾಕಿಕೊಳ್ಳಿ. ನೀನು ಮಧ್ಯಕ್ಕೆ ಇಟ್ಟು ತೆಗೆದಿದ್ದರೆ ದೋಣಿ ಫ್ರೇಮಿನ ಆಚೆಗೆ ಹೋಗುತ್ತಿತ್ತು.

ನನ್ನನ್ನು ಏನು ಬೈಯಬೇಕೋ ಬೈದು ಬರೆ.

ಖುರ್ಷೀದ್ ಬೇಗಂ


ಕೊತ್ತರೇವು
13 ಮಾರ್ಚ್ 2024

ನಾನಿ,

ನಿಮ್ಮ ಐದರ ಕಾಗದ ಬಂದ ಮೇಲೆ ನಾನು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ನನ್ನ ಕಣ್ಣೇ ತಪ್ಪಿತು ಅಂತ ನಂಬಿದ್ದೆ. ಪೋಲಯ್ಯನಿಗೆ ಹೋಗಿ ಹೇಳಿಯೂ ಬಂದಿದ್ದೆ. "ಹೋಗಲಿ ಬಿಡಮ್ಮಾ, ನೀನು ನೋಡಿದ್ದು ಬೇರೆ ದಿನ ಇರಬೇಕು" ಅಂತ ಅವನೇ ನನಗೆ ಸಮಾಧಾನ ಹೇಳಿದ. ಇದನ್ನು ನೀವು ತಿಳಿದಿರಬೇಕು ಅಂತ ಬರೆದೆ.

ಹೊಸ ಪ್ರಿಂಟು ತೋರಿಸಿದೆ. ರಿಗ್ ಅರವತ್ತು ಮೀಟರ್ ಅಗಲವಂತೆ, ಹದಿನೈದು ಸಲ ಅಂದರೆ ಒಂಬೈನೂರು. ದೋಣಿ ದಡದ ಕಡೆಗೆ ಈಚೆಗಿದ್ದರೂ, ಆಚೆಗಿದ್ದರೂ ಐನೂರರ ಒಳಗಂತೂ ಬರುವುದಿಲ್ಲ ಅಂತ ಅಜರ್ ಮರಳಿನ ಮೇಲೆ ಗೆರೆ ಎಳೆದು ಎಲ್ಲರಿಗೂ ತೋರಿಸಿದರು. ಆದರೆ ಮೀನುಗಾರರ ಸಂಘದ ವಕೀಲರು ತಲೆ ಕೆಡಿಸಿಕೊಂಡಿದ್ದಾರೆ. ಮೊದಲಿನ ಪ್ರಿಂಟು ಊರೆಲ್ಲ ನೋಡಿದೆ, ಕಂಪನಿಯವರ ಕಿವಿಗೂ ಬಿದ್ದಿದೆ. ದೋಣಿಯನ್ನು ಅಳಿಸಲು ಬರುವವರಿಗೆ ಬರೆಯಲು ಬರುವುದಿಲ್ಲವೇ ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ವಿಚಾರಣೆ ಮಾಡುವ ಬಂದರಿನ ಸಾಹೇಬರಿಗೆ ಬರೆದು ಸಹಿ ಹಾಕಿ ನೆಗೆಟಿವ್ ಜೊತೆ ಕಳಿಸಿ. ನಿಮ್ಮ ಹೆಸರು ಬೀಳುತ್ತದೆ. ಬೇಡ ಅನ್ನಿಸಿದರೆ ಅದನ್ನೂ ಬೇಗ ತಿಳಿಸಿ.

ಅಮ್ಮಿಯ ವಿಷಯ ನನಗೆ ಗೊತ್ತು. ಅನ್ನಕ್ಕೆ ಉಪ್ಪು ಕಮ್ಮಿಯಾದರೂ ದಾದಿ ಅನ್ನುತ್ತಿದ್ದಳು, "ಫೋಟೋದಾಗಿನ ಹುಡುಗಿ ಬಂದಿದ್ರ ಉಪ್ಪು ಸರಿ ಹಾಕ್ತಿದ್ಳು." ಸಾಯುವವರೆಗೂ ಅಂದಳು. ಅಮ್ಮಿ ಒಮ್ಮೆಯೂ ನಿಮ್ಮ ಹೆಸರು ಎತ್ತಲಿಲ್ಲ.

ಬುಶ್ರಾ


ಕಲಬುರಗಿ
17 ಮಾರ್ಚ್ 2024

ಬಂದರಿನ ಸಾಹೇಬರಿಗೆ,

ನಾನು ಖುರ್ಷೀದ್ ಬೇಗಂ, ತೀರಿಹೋದ ಫೋಟೋಗ್ರಾಫರ್ ನಬಿಸಾಬ್ ಅವರ ಹೆಂಡತಿ. ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ನಮ್ಮ ಸ್ಟುಡಿಯೋ ಇತ್ತು. ಐವತ್ತು ವರ್ಷ ನೆಗೆಟಿವ್ ತೊಳೆದು ಟಚಿಂಗ್ ಮಾಡಿದ್ದೇನೆ. ಯಾವ ಶಾಲೆಯಲ್ಲೂ ಕಲಿತದ್ದಲ್ಲ, ಕೈಯಿಂದ ಕಲಿತದ್ದು. ಈ ಕಾಗದವನ್ನು ನನ್ನ ಮೊಮ್ಮಗಳು ನಿಮಗೆ ತೆಲುಗಿನಲ್ಲಿ ಓದಿ ಹೇಳುತ್ತಾಳೆ.

ಇಪ್ಪತ್ತೊಂದನೇ ಫ್ರೇಮಿನಲ್ಲಿದ್ದ ದೋಣಿಯನ್ನು ಧೂಳು ಅಂದುಕೊಂಡು ಪೆನ್ಸಿಲಿನಿಂದ ಮುಚ್ಚಿದವಳು ನಾನು. ಆಮೇಲೆ ಒರೆಸಿದವಳೂ ನಾನು. ಮೊಮ್ಮಗಳಿಗೆ ಎರಡೂ ಗೊತ್ತಿರಲಿಲ್ಲ.

ಅಳಿಸಿದವಳು ದೋಣಿಯನ್ನು ಬರೆದಿರಲೂಬಹುದು ಅಂತ ನೀವು ಕೇಳುವುದು ಸರಿ. ಉತ್ತರ ಇದು. ನೆಗೆಟಿವ್ ಮೇಲೆ ಪೆನ್ಸಿಲ್ ಹಚ್ಚಿದರೆ ಪ್ರಿಂಟು ಬೆಳ್ಳಗಾಗುತ್ತದೆ, ಕಪ್ಪಾಗುವುದಿಲ್ಲ. ಅಂದರೆ ಪೆನ್ಸಿಲಿನಿಂದ ಇದ್ದದ್ದನ್ನು ತೆಗೆಯಬಹುದು, ಇಲ್ಲದ್ದನ್ನು ಇಡಲಾಗುವುದಿಲ್ಲ. ಇಲ್ಲದ ಕಪ್ಪು ದೋಣಿ ಇಡಬೇಕಾದರೆ ಫಿಲ್ಮಿನ ಮೈಯನ್ನು ಚಾಕುವಿನಿಂದ ಕೆರೆಯಬೇಕು. ಕೆರೆದ ಗಾಯ ಎಷ್ಟು ಒರೆಸಿದರೂ ಹೋಗುವುದಿಲ್ಲ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರೆ ಮಿಂಚುತ್ತದೆ. ಒಂದು ರದ್ದಿ ಫಿಲ್ಮಿನ ತುಂಡು ಇಟ್ಟಿದ್ದೇನೆ. ಅದರ ಎಡಗಡೆ ನಾನು ಪೆನ್ಸಿಲ್ ಹಚ್ಚಿದ್ದೇನೆ, ಬಲಗಡೆ ಚಾಕುವಿನಿಂದ ಕೆರೆದಿದ್ದೇನೆ. ಮೊದಲು ಅದನ್ನು ನೋಡಿ, ಆಮೇಲೆ ಇಪ್ಪತ್ತೊಂದನ್ನು ನೋಡಿ. ಗಾಯ ಸಿಕ್ಕರೆ ನನ್ನನ್ನು ಹಿಡಿಸಿ.

ಫಿಲ್ಮಿನ ಪಟ್ಟಿಯನ್ನು ಕತ್ತರಿಸಿಲ್ಲ. ಇಪ್ಪತ್ತೊಂದರ ಪಕ್ಕದಲ್ಲೇ ಇಪ್ಪತ್ತೆರಡು, ಮದುವೆಯ ಪೆಂಡಾಲು. ತಾರೀಖಿಗೆ ಅದೇ ಸಾಕ್ಷಿ. ಹತ್ತೊಂಬತ್ತರಲ್ಲಿ ನಾನು ಮುಚ್ಚಿದ ಇನ್ನೊಂದು ಚುಕ್ಕೆಯನ್ನು ಒರೆಸದೆ ಹಾಗೇ ಬಿಟ್ಟಿದ್ದೇನೆ. ಟರ್ಪೆಂಟೈನ್ ತಂದು ನೀವೇ ನಿಮ್ಮ ಕೈಯಿಂದ ಒರೆಸಿ ನೋಡಬಹುದು. ಅದರಡಿ ದೋಣಿ ಇದೆಯೋ ಧೂಳಿದೆಯೋ ನನಗೆ ತಿಳಿಯದು.

ನಮ್ಮ ಕಸುಬಿನಲ್ಲಿ ಟಚಿಂಗ್ ಮಾಡಿದ್ದನ್ನು ಹೇಳುವ ರೂಢಿ ಇಲ್ಲ. ನಾನು ಹೇಳುತ್ತಿದ್ದೇನೆ.

ಖುರ್ಷೀದ್ ಬೇಗಂ
(ಸಹಿ ಉರ್ದುವಿನಲ್ಲಿದೆ, ಅದೊಂದೇ ನನಗೆ ಬರುವ ಸಹಿ)


ಕೊತ್ತರೇವು
4 ಏಪ್ರಿಲ್ 2024

ನಾನಿ, ಸಲಾಂ. ರೋಜಾ ಉಪವಾಸ ಹೇಗೆ ನಡೆದಿದೆ? ಬಿಸಿಲು ಹೆಚ್ಚಿದ್ದರೆ ಹಟ ಮಾಡಬೇಡಿ.

ವಿಚಾರಣೆಯ ಸುದ್ದಿ ಫೋನಿನಲ್ಲಿ ಹೇಳಿದಾಗ ನೀವು ಹೂಂ ಹೂಂ ಅಂದಿರಿ, ಎಷ್ಟು ಕೇಳಿತೋ. ಪೂರ್ತಿ ಬರೆಯುತ್ತೇನೆ.

ಕಂಪನಿಯವರು ಮೊದಲನೇ ಪ್ರಿಂಟನ್ನೇ ಮೇಜಿನ ಮೇಲೆ ಇಟ್ಟರು. ನಮ್ಮ ವಕೀಲರು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು. ನಾನು ನಿಮ್ಮ ಕಾಗದ ಓದಿದೆ. ಸಾಹೇಬರು ಎದ್ದು ಕಿಟಕಿಯ ಹತ್ತಿರ ಹೋದರು. ರದ್ದಿ ತುಂಡನ್ನು ಓರೆ ಹಿಡಿದು ನೋಡಿದರು, ಆಮೇಲೆ ನಮ್ಮ ಪಟ್ಟಿಯನ್ನು. ಹೆಡ್‌ಕ್ಲಾರ್ಕ್‌ನನ್ನು ಕರೆದು ಅವನಿಗೂ ತೋರಿಸಿದರು. ಕಂಪನಿಯ ವಕೀಲನನ್ನೂ ಕರೆದರು. ಗಾಯ ಯಾರಿಗೂ ಸಿಗಲಿಲ್ಲ. ಜವಾನನನ್ನು ಕಳಿಸಿ ಟರ್ಪೆಂಟೈನ್ ತರಿಸಿ ಹತ್ತೊಂಬತ್ತನ್ನು ತಾವೇ ಒರೆಸಿದರು. ಅದರಡಿ ಇದ್ದದ್ದು ಧೂಳು.

ಸಾಹೇಬರು ನನ್ನನ್ನು ಕೇಳಿದರು, "ಈ ಅಮ್ಮ ಸಮುದ್ರ ನೋಡಿದ್ದಾರಾ?"

"ಇಲ್ಲ ಸಾರ್."

"ಅದೇ ನೋಡಿ!" ಅಂದರು. ಎಲ್ಲರೂ ನಕ್ಕರು. ಕಂಪನಿಯ ವಕೀಲನೂ ನಕ್ಕ.

ಕಾವಲು ದೋಣಿಯವರನ್ನು ಇನ್ನೂರು ಮೀಟರ್ ಅಂತ ಹೇಗೆ ಅಳೆದಿರಿ ಅಂತ ಕೇಳಿದರೆ, ಕಣ್ಣಳತೆ ಅಂದರು. ಸೋಮವಾರ ದೋಣಿ ಬಿಟ್ಟರು. ಬ್ಯಾಟರಿ ಸತ್ತಿತ್ತು, ತಾಡಪತ್ರಿ ಕಾಣೆಯಾಗಿತ್ತು. ಅಜರ್ ಅರ್ಧ ದಿನ ಕೂತು ಎಂಜಿನ್ ಎಬ್ಬಿಸಿದರು. ನಿಷೇಧ ಶುರುವಾಗಲು ಎರಡು ವಾರ ಕೂಡ ಉಳಿದಿಲ್ಲ, ಆದರೂ ಪೋಲಯ್ಯ ದಿನಾ ಇಳಿಯುತ್ತಿದ್ದಾನೆ. ನಿಮಗೆ ಒಣಮೀನು ಕಳಿಸುತ್ತೇನೆ ಅಂದ. ಪೋಸ್ಟಿನಲ್ಲಿ ಬೇಡ, ಮಾಪಣ್ಣನ ಅಂಗಡಿಯೆಲ್ಲ ನಾರುತ್ತದೆ ಅಂದೆ. "ಹಾಗಾದರೆ ಅವರನ್ನೇ ಕರೆಸು, ದೋಣಿ ಎಷ್ಟು ದೊಡ್ಡದಿರುತ್ತೆ ಅಂತ ಕೂರಿಸಿ ತೋರಿಸ್ತೀನಿ" ಅಂದ.

ನಾಲ್ಕನೇ ರೋಲು ಇದರ ಜೊತೆಗಿದೆ. ನಾನು ನಿಮಗೆ ಬೈದು ಬರೆಯಲಿಲ್ಲ. ಬೈಯಲು ಕೂತಿದ್ದೆ, ಆಗಲಿಲ್ಲ.

ನಿಮ್ಮ
ಬುಶ್ರಾ


ಕಮಲಾಪುರ
13 ಏಪ್ರಿಲ್ 2024

ಬೇಟಿ ಬುಶ್ರಾ, ಈದ್ ಮುಬಾರಕ್. ಅಜರ್‌ಗೂ ಹೇಳು.

ಈದಿಗೆ ನಾನು ಇಲ್ಲಿಗೆ ಬಂದೆ. ಮಾಪಣ್ಣ ಬಸ್ ಹತ್ತಿಸಿದ. ಹತ್ತಿಸುವ ಮೊದಲು ಹಳೆಯ ಪೆಟ್ಟಿಗೆಗಳನ್ನೂ ಅವನಿಂದಲೇ ಕೆಳಗಿಳಿಸಿಕೊಂಡಿದ್ದೆ. "ಏನ್ ಹುಡುಕ್ಲಾಕತ್ತೀರಿ ಅಮ್ಮಾ, ಬಂಗಾರ ಇಟ್ಟೀರೇನು?" ಅಂದ. ಮಗಳನ್ನು ಹುಡುಕಾಕತ್ತೀನಿ ಅಂದೆ. ಇನ್ನೂ ಎರಡು ಪೆಟ್ಟಿಗೆ ಇಳಿಸಿದ.

ತಬಸ್ಸುಮ್‌ನ ನೆಗೆಟಿವ್ ಸಿಕ್ಕಿತು. ಇಪ್ಪತ್ತೊಂಬತ್ತು ವರ್ಷದ ಪೆನ್ಸಿಲ್, ಬೇಗ ಬಿಡಲಿಲ್ಲ. ಮೂರು ಸಲ ಟರ್ಪೆಂಟೈನ್ ಹಚ್ಚಿದ ಮೇಲೆ ಬಿಟ್ಟಿತು. ಚಾಕು ಮುಟ್ಟಿಸಿರಲಿಲ್ಲ, ಆ ಮಟ್ಟಿಗೆ ಪುಣ್ಯ. ಎರಡು ಪ್ರಿಂಟು ಹಾಕಿದೆ.

ಈದಿನ ಮಾರನೇ ದಿನ, ನಿನ್ನ ಅಬ್ಬಾ ತೋಟಕ್ಕೆ ಹೋದ ಮೇಲೆ, ಅವಳು ಕೆಂಪು ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ತಟ್ಟೆಯ ಪಕ್ಕದಲ್ಲಿ ಫೋಟೋ ಇಟ್ಟೆ. ಕೈ ಒರೆಸಿಕೊಂಡು ಎತ್ತಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಅಂದಳು, "ಈ ಹುಡುಗಿನ್ನ ನೋಡಿದ್ರ ಅತ್ತಿ ಹೂಂ ಅಂತಿದ್ರೋ, ಊಹೂಂ ಅಂತಿದ್ರೋ, ಅದು ಅವರ ಮಾತಿತ್ತು ಅಮ್ಮಾ. ಅವರ ಪರವಾಗಿ ನೀ ಯಾಕ ಉತ್ತರ ಕೊಟ್ಟಿ?"

"ತಪ್ಪಾತು" ಅಂದೆ. ಇನ್ನೊಂದು ಹಣ್ಣು ಸುಲಿದು ನನ್ನ ಕೈಗಿಟ್ಟಳು. ಒಂದು ಪ್ರಿಂಟನ್ನು ಅಕ್ಕಿ ಡಬ್ಬಿಯ ಮೇಲೆ ಗೋಡೆಗೆ ಆನಿಸಿ ಇಟ್ಟಿದ್ದಾಳೆ. ಎರಡನೆಯದು ನಿನಗೆ, ಡಿಸೆಂಬರಿನಲ್ಲಿ ಕೇಳಿದ್ದಿಯಲ್ಲ. ಹಿಂದೆ ಟಚಿಂಗ್ ಇಲ್ಲ ಅಂತ ಬರೆಯೋಣ ಅಂತ ಪೆನ್ನು ತೆಗೆದಿದ್ದೆ. ಅಮ್ಮಿ ತಡೆದಳು. "ಅಕಿ ನನ್ನ ಮಗಳಿದ್ದಾಳ, ಅಕಿಗೆ ಗೊತ್ತಿಲ್ಲೇನು" ಅಂದಳು.

ನಾಲ್ಕನೇ ರೋಲನ್ನು ಹೊರಡುವ ಮೊದಲೇ ತೊಳೆದೆ. ಏಳನೇ ಫ್ರೇಮಿನ ಪ್ರಿಂಟು ಇದರೊಳಗಿದೆ. ನೀರಿನ ಮೇಲೆ ಮೂರು ಕಪ್ಪು ಚುಕ್ಕೆಗಳಿವೆ, ಮುಟ್ಟಿಲ್ಲ. ಪೋಲಯ್ಯನಿಗೆ ತೋರಿಸಿ ಕೇಳು. ಅವನು ದೋಣಿ ಅಂದದ್ದು ದೋಣಿ, ಉಳಿದದ್ದು ಧೂಳು. ಧೂಳನ್ನೂ ಹಾಗೇ ಇರಲು ಬಿಡು.

ಮೊಣಕಾಲು ಒಪ್ಪಿದರೆ ಜೂನಿನಲ್ಲಿ ದೋಣಿ ಇಳಿಯುವ ಹೊತ್ತಿಗೆ ಬರುತ್ತೇನೆ. ತಬಸ್ಸುಮ್ ಕೂಡ ಬರುತ್ತೇನೆ ಅಂದಿದ್ದಾಳೆ. ಕ್ಯಾಮೆರಾದೊಳಗಿನ ಮರಳು ಅಷ್ಟರೊಳಗೆ ತೆಗೆಸಿಡು.

ನಾನಿ